ವ್ಯಾಲಿಡೇಟರ್ ಕೆಂಪು ತೋರಿಸಿದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ವೆಬ್ ಪುಟಗಳನ್ನು ಕೈಯಾರೆ ಬರೆಯುವವರು, ಹಳೆಯ ತಾಣಗಳನ್ನು ನೋಡಿಕೊಳ್ಳುತ್ತಿರುವವರು ಕಳಿಸಿದ ಪ್ರಶ್ನೆಗಳಲ್ಲಿ ಮಾರ್ಕಪ್ (ಪುಟದ ಟ್ಯಾಗ್‌ಗಳ ಬರಹ) ತಪ್ಪುಗಳಿಗೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳಲ್ಲಿ ವ್ಯಾಲಿಡೇಟರ್ ಎಂದಾಗಲೆಲ್ಲ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಒದಗಿಸುವ, ಪುಟದ ತಪ್ಪುಗಳನ್ನು ಪಟ್ಟಿ ಮಾಡುವ ನು ಎಚ್‌ಟಿಎಂಎಲ್ ಚೆಕರ್ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಮುಖಪುಟವನ್ನು ವ್ಯಾಲಿಡೇಟರ್‌ಗೆ ಕೊಟ್ಟರೆ 87 ಎರರ್ ಬರುತ್ತವೆ. ಬ್ರೌಸರ್‌ನಲ್ಲಿ ಪುಟ ಚೆನ್ನಾಗಿಯೇ ಕಾಣುತ್ತದೆ. ಇಷ್ಟನ್ನೂ ತಿದ್ದಬೇಕೆ? ಎಲ್ಲಿಂದ ಶುರು ಮಾಡಲಿ?

ಉತ್ತರ: 87 ಎರರ್ ಬಂದಿವೆ ಎಂದರೆ ನೀವು 87 ತಪ್ಪು ಮಾಡಿದ್ದೀರಿ ಎಂದಲ್ಲ. ಎಚ್‌ಟಿಎಂಎಲ್ ಓದುವ ಪಾರ್ಸರ್ ಮೇಲಿನಿಂದ ಕೆಳಕ್ಕೆ ಟ್ಯಾಗ್‌ಗಳನ್ನು ಒಂದೊಂದಾಗಿ ತೆಗೆದುಕೊಂಡು, ಒಂದರೊಳಗೊಂದು ಜೋಡಿಸುತ್ತ ಮರ ಕಟ್ಟುತ್ತದೆ. 10ನೇ ಸಾಲಿನಲ್ಲಿ ಕೊಂಬೆ ತಪ್ಪಾದ ಜಾಗದಲ್ಲಿ ಕೂತರೆ ಅದರ ಮೇಲೆ ಬೆಳೆದದ್ದೆಲ್ಲ ತಪ್ಪಾಗಿಯೇ ಕಾಣುತ್ತದೆ. 300ನೇ ಸಾಲಿನವರೆಗೂ ದೂರುಗಳು ಬರುತ್ತಲೇ ಇರುತ್ತವೆ. ಆದ್ದರಿಂದ ಪಟ್ಟಿಯ ಮೊದಲ ಎರರ್ ಒಂದನ್ನೇ ತಿದ್ದಿ, ಉಳಿಸಿ, ಮತ್ತೆ ಪರೀಕ್ಷಿಸಿ. ಎರಡು ಮೂರು ಸುತ್ತಿನಲ್ಲಿ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಗುವುದು ಅಪರೂಪವೇನಲ್ಲ. ಪಟ್ಟಿಯ ಕೆಳಗಿನಿಂದ ತಿದ್ದಲು ಹೊರಟರೆ ಮಾತ್ರ ಇಲ್ಲದ ತಪ್ಪನ್ನು ಹುಡುಕುತ್ತ ದಿನ ಕಳೆಯಬೇಕಾಗುತ್ತದೆ.

ಪುಟ ಚೆನ್ನಾಗಿ ಕಾಣುವುದಕ್ಕೂ ಕಾರಣವಿದೆ. ತಪ್ಪು ಮಾರ್ಕಪ್ ಬಂದಾಗ ಏನು ಮಾಡಬೇಕು ಎಂಬುದನ್ನೂ ಎಚ್‌ಟಿಎಂಎಲ್ ನಿಯಮಾವಳಿ ಹೆಜ್ಜೆಹೆಜ್ಜೆಗೆ ಬರೆದಿಟ್ಟಿದೆ. ಎಲ್ಲ ಬ್ರೌಸರ್‌ಗಳೂ ಅದರಂತೆ ಸದ್ದಿಲ್ಲದೆ ರಿಪೇರಿ ಮಾಡುತ್ತವೆ. ಆದರೆ ಆ ರಿಪೇರಿ ನಿಯಮದಂತೆ ನಡೆಯುತ್ತದೆಯೇ ಹೊರತು ನಿಮ್ಮ ಮನಸ್ಸಿನಲ್ಲಿದ್ದಂತೆ ನಡೆಯುವುದಿಲ್ಲ. ಇವತ್ತು ಕಣ್ಣಿಗೆ ಕಾಣದ ವ್ಯತ್ಯಾಸ ನಾಳೆ ಒಂದು ಸಾಲು ಸಿಎಸ್‌ಎಸ್ (ಪುಟದ ಬಣ್ಣ, ಅಳತೆ, ವಿನ್ಯಾಸ ಹೇಳುವ ಕೋಡ್) ಸೇರಿಸಿದಾಗ ಎದ್ದು ಬರಬಹುದು.

ಎಲ್ಲ ಎರರ್‌ಗಳ ತೂಕ ಒಂದೇ ಅಲ್ಲ. ಮರದ ಆಕಾರವನ್ನೇ ಬದಲಿಸುವವನ್ನು ಮೊದಲು ನೋಡಿ: ಒಂಟಿ ಮುಚ್ಚುವ ಟ್ಯಾಗ್, ಮುಚ್ಚದ ಎಲಿಮೆಂಟ್ (ತೆರೆಯುವ ಟ್ಯಾಗ್‌ನಿಂದ ಶುರುವಾಗುವ ಪುಟದ ಘಟಕ), ಟೇಬಲ್‌ನೊಳಗೆ ಸಿಕ್ಕಿಬಿದ್ದ ಪಠ್ಯ, ಮುಗಿಯದ ಉದ್ಧರಣ ಚಿಹ್ನೆ. ಆಮೇಲೆ ಎರಡು ಕಡೆ ಬಂದ ಐಡಿ, ಆಲ್ಟ್ (ಚಿತ್ರದ ಬದಲಿಗೆ ಓದುವ ಪಠ್ಯ) ಇಲ್ಲದ ಚಿತ್ರ, ಗುರಿ ತಪ್ಪಿದ ಲೇಬಲ್. ಹಳೆಯ ಅಲಂಕಾರದ ಆಟ್ರಿಬ್ಯೂಟ್‌ಗಳು (ಟ್ಯಾಗ್‌ನೊಳಗೆ ಬರೆಯುವ ಗುಣಗಳು) ಕೊನೆಗಿರಲಿ.

ಪ್ರಶ್ನೆ: ಪಿ (ಪ್ಯಾರಾಗ್ರಾಫ್) ಟ್ಯಾಗ್ ತೆರೆದಿದ್ದೇನೆ, ಸರಿಯಾಗಿ ಮುಚ್ಚಿಯೂ ಇದ್ದೇನೆ. ಆದರೂ ಮುಚ್ಚಲು ಪಿ ಯಾವುದೂ ತೆರೆದಿಲ್ಲ ಎಂಬರ್ಥದ ಎರರ್ ಬರುತ್ತಿದೆ. ನಡುವೆ ಒಂದು ಡಿವ್ ಇದೆ, ಅಷ್ಟೆ.

ಉತ್ತರ: ಆ ಡಿವ್‌ನಿಂದಲೇ ಬಂದ ತೊಂದರೆ ಇದು. ವ್ಯಾಲಿಡೇಟರ್ ಹೇಳುವ ಎರರ್‌ಗಳಲ್ಲಿ ಅತಿ ಹೆಚ್ಚು ಜನರನ್ನು ಗೊಂದಲಕ್ಕೆ ತಳ್ಳುವುದೂ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಪಿ ಎಲಿಮೆಂಟಿಗೆ ಮುಚ್ಚುವ ಟ್ಯಾಗ್ ಕಡ್ಡಾಯವಲ್ಲ. ಅದು ಎಲ್ಲಿ ಮುಗಿಯಿತು ಎಂದು ಪಾರ್ಸರ್ ತಾನೇ ತೀರ್ಮಾನಿಸುತ್ತದೆ. ಪಿ ತೆರೆದಿರುವಾಗ ಡಿವ್, ಯುಎಲ್, ಒಎಲ್, ಟೇಬಲ್, ಫಾರ್ಮ್, ಸೆಕ್ಷನ್, ಬ್ಲಾಕ್‌ಕೋಟ್, ಎಚ್‌ಆರ್, ಎಚ್1ರಿಂದ ಎಚ್6ರವರೆಗಿನ ಶೀರ್ಷಿಕೆ ಅಥವಾ ಇನ್ನೊಂದು ಪಿ ಬಂದರೆ, ಹಿಂದಿನ ಪಿ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ಅಂದರೆ ನಿಮ್ಮ ಡಿವ್ ಪಿಯ ಒಳಗಿಲ್ಲ, ಅದರ ಪಕ್ಕದಲ್ಲಿದೆ. ಡಿವ್ ಮುಗಿದ ಮೇಲೆ ನೀವು ಬರೆದ ಮುಚ್ಚುವ ಪಿ ಬರುವಾಗ ಮುಚ್ಚಲು ಏನೂ ಉಳಿದಿರುವುದಿಲ್ಲ. ಪಾರ್ಸರ್ ಅದನ್ನು ಎಸೆಯುವುದೂ ಇಲ್ಲ, ಅದರ ಜಾಗದಲ್ಲಿ ಒಂದು ಖಾಲಿ ಪಿ ಹುಟ್ಟಿಸುತ್ತದೆ. ಪಿಗೆ ಪ್ಯಾಡಿಂಗ್ ಅಥವಾ ಬಾರ್ಡರ್ ಕೊಟ್ಟಿದ್ದರೆ ಪುಟದಲ್ಲಿ ಕಾರಣ ತಿಳಿಯದ ಖಾಲಿ ಜಾಗವೊಂದು ಕಾಣುವುದು ಇದರಿಂದಲೇ. ಪಿಗೆ ಕೊಟ್ಟ ಕ್ಲಾಸಿನ ಬಣ್ಣ ಡಿವ್‌ನೊಳಗಿನ ಅಕ್ಷರಗಳಿಗೆ ತಾಗದಿರುವುದೂ ಇದರಿಂದಲೇ.

ಪರಿಹಾರ ಸರಳ: ಹೊರಗಿನ ಪಿಯನ್ನು ಡಿವ್ ಮಾಡಿ, ಇಲ್ಲವೇ ಒಳಗಿನ ಡಿವ್ ಅನ್ನು ಸ್ಪ್ಯಾನ್ ಮಾಡಿ ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ಬ್ಲಾಕ್ ಎಂದು ಕೊಡಿ. ಪುಟ ಟೆಂಪ್ಲೇಟ್‌ನಿಂದ ಬರುತ್ತಿದ್ದರೆ ಟೆಂಪ್ಲೇಟ್ ತೆಗೆದು ನೋಡಿ. ಬರಹದ ಸುತ್ತ ಟೆಂಪ್ಲೇಟೇ ಒಂದು ಪಿ ಹಾಕಿರುತ್ತದೆ, ಒಳಗಿನ ಬರಹವನ್ನು ಎಡಿಟರ್ ಆಗಲೇ ಪಿಗಳಲ್ಲಿ ಸುತ್ತಿರುತ್ತದೆ. ಪಿಯೊಳಗೆ ಪಿ ಬರುವುದು ಬಹುಪಾಲು ಹೀಗೆಯೇ.

ಸ್ಪ್ಯಾನ್ ಒಳಗೆ ಡಿವ್ ಹಾಕಿದಾಗ ಬರುವ ಎರರ್ ಬೇರೆ ಜಾತಿಯದು, ಅದನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ಪಾರ್ಸರ್ ಏನನ್ನೂ ಕದಲಿಸುವುದಿಲ್ಲ, ನೀವು ಬರೆದಂತೆಯೇ ಮರ ಕಟ್ಟುತ್ತದೆ. ಈ ಎಲಿಮೆಂಟಿನೊಳಗೆ ಆ ಎಲಿಮೆಂಟ್ ಇರಬಾರದು ಎಂಬ ನಿಯಮ ಮುರಿದಿದೆ, ಅಷ್ಟೆ. ಯುಎಲ್‌ನೊಳಗೆ ಎಲ್‌ಐ ಇಲ್ಲದೆ ನೇರ ಡಿವ್ ಹಾಕುವುದು, ಲಿಂಕಿನೊಳಗೆ ಬಟನ್ ಇಡುವುದು ಈ ಗುಂಪಿಗೆ ಸೇರುತ್ತವೆ. ಲಿಂಕಿನೊಳಗೆ ಲಿಂಕ್ ಇಟ್ಟರೆ ಮಾತ್ರ ಪಾರ್ಸರ್ ಸುಮ್ಮನಿರುವುದಿಲ್ಲ, ಎರಡನೆಯದು ತೆರೆದ ಕೂಡಲೇ ಮೊದಲನೆಯದನ್ನು ಮುಚ್ಚುತ್ತದೆ. ಇಡೀ ಕಾರ್ಡ್ ಕ್ಲಿಕ್ ಆಗಲೆಂದು ಅದನ್ನು ಲಿಂಕಿನಲ್ಲಿ ಸುತ್ತಿ, ಒಳಗೆ ಇನ್ನೊಂದು ಲಿಂಕ್ ಕೊಟ್ಟವರ ವಿನ್ಯಾಸ ಒಡೆಯುವುದು ಇಲ್ಲಿಯೇ.

ಪ್ರಶ್ನೆ: ಮೆಟಾ ಟ್ಯಾಗ್‌ಗಳನ್ನೆಲ್ಲ ಹೆಡ್‌ನೊಳಗೇ ಬರೆದಿದ್ದೇನೆ. ಆದರೂ ಅವು ಹೆಡ್‌ನಲ್ಲಿಲ್ಲ ಎಂದು ದೂರು. ಮುಚ್ಚುವ ಹೆಡ್ ಒಂಟಿ ಅಂತೆ, ಬಾಡಿ ಎರಡನೇ ಸಲ ತೆರೆದಿದೆ ಅಂತೆ!

ಉತ್ತರ: ಈ ಮೂರೂ ದೂರು ಒಟ್ಟಿಗೆ ಬಂದರೆ ಕಾರಣ ಬಹುತೇಕ ಒಂದೇ. ಹೆಡ್‌ನಲ್ಲಿ ಇರಬಾರದ ಎಲಿಮೆಂಟ್ ಒಂದು ಅಲ್ಲಿ ಕೂತಿದೆ. ಹೆಡ್‌ಗೆ ಸಲ್ಲುವುದು ಟೈಟಲ್, ಮೆಟಾ, ಲಿಂಕ್ (ಸಿಎಸ್‌ಎಸ್‌ನಂಥ ಹೊರ ಫೈಲ್ ತೋರುವ ಟ್ಯಾಗ್, ಓದುಗರು ಒತ್ತುವ ಲಿಂಕ್ ಅಲ್ಲ), ಸ್ಟೈಲ್, ಸ್ಕ್ರಿಪ್ಟ್, ಬೇಸ್, ನೋಸ್ಕ್ರಿಪ್ಟ್, ಟೆಂಪ್ಲೇಟ್ ಮಾತ್ರ. ಡಿವ್ ಅಥವಾ ಇಮೇಜ್ ಕಂಡ ಕ್ಷಣವೇ ಪಾರ್ಸರ್ ಹೆಡ್ ಮುಚ್ಚಿ ಬಾಡಿ ತೆರೆಯುತ್ತದೆ. ಅದರ ನಂತರ ಬರೆದ ಮೆಟಾ, ಲಿಂಕ್‌ಗಳೆಲ್ಲ ಬಾಡಿಯ ಪಾಲು.

ಕೋಡ್ ಓದಿದರೂ ಕಣ್ಣಿಗೆ ಬೀಳದ ಕಳ್ಳ ಎಂದರೆ ಅಂಕಿಅಂಶ ಸಂಗ್ರಹಿಸುವ ಟ್ರ್ಯಾಕಿಂಗ್ ಕೋಡ್. ಅದರ ಜೊತೆ ನೋಸ್ಕ್ರಿಪ್ಟ್ ಒಳಗೆ ಒಂದು ಪಿಕ್ಸೆಲ್ ಚಿತ್ರ ಬರುವುದುಂಟು. ಹೆಡ್‌ನಲ್ಲಿರುವ ನೋಸ್ಕ್ರಿಪ್ಟ್ ಒಳಗೆ ಲಿಂಕ್, ಸ್ಟೈಲ್, ಮೆಟಾ ಮೂರಕ್ಕೆ ಮಾತ್ರ ಅವಕಾಶ. ಜಾವಾಸ್ಕ್ರಿಪ್ಟ್ ಚಾಲೂ ಇರುವ ಬ್ರೌಸರ್ ನೋಸ್ಕ್ರಿಪ್ಟ್‌ನ ಒಳಭಾಗವನ್ನು ಬರೀ ಪಠ್ಯವೆಂದು ಬಿಟ್ಟುಬಿಡುತ್ತದೆ, ಹಾಗಾಗಿ ನಿಮಗೆ ತೊಂದರೆ ಕಾಣುವುದಿಲ್ಲ. ವ್ಯಾಲಿಡೇಟರ್ ಓದುವುದು ಜಾವಾಸ್ಕ್ರಿಪ್ಟ್ ಇಲ್ಲದ ಓದುಗನಂತೆ. ಅದಕ್ಕೆ ಆ ಚಿತ್ರ ನಿಜವಾದ ಚಿತ್ರವೇ, ಹೆಡ್ ಅಲ್ಲಿಗೆ ಮುಗಿಯುತ್ತದೆ. ಸ್ಕ್ರಿಪ್ಟ್ ಭಾಗವನ್ನು ಹೆಡ್‌ನಲ್ಲೇ ಬಿಟ್ಟು, ನೋಸ್ಕ್ರಿಪ್ಟ್ ಭಾಗವನ್ನು ಬಾಡಿ ತೆರೆದ ತಕ್ಷಣದ ಸಾಲಿಗೆ ಒಯ್ಯಿರಿ. ಒಂದೇ ಕತ್ತರಿಸು-ಅಂಟಿಸುವಿಕೆಯಲ್ಲಿ ಹತ್ತಾರು ಎರರ್ ಹೋಗುತ್ತವೆ.

ನೇರವಾಗಿ ಹೆಡ್‌ನಲ್ಲೇ ಡಿವ್ ಅಥವಾ ಇಮೇಜ್ ಇದ್ದರಂತೂ ಇದನ್ನು ಮುಂದೂಡಬೇಡಿ. ಆಗ ಎಲ್ಲ ಬ್ರೌಸರ್‌ಗಳಲ್ಲೂ ಹೆಡ್ ಒಡೆಯುತ್ತದೆ. ಪುಟದ ಅಧಿಕೃತ ವಿಳಾಸ ಯಾವುದೆಂದು ಹೇಳುವ ಕ್ಯಾನೋನಿಕಲ್ ಲಿಂಕನ್ನು ಗೂಗಲ್ ಪರಿಗಣಿಸುವುದು ಅದು ಹೆಡ್‌ನಲ್ಲಿದ್ದಾಗ ಮಾತ್ರ.

ಪ್ರಶ್ನೆ: ಬಿಆರ್, ಇಮೇಜ್ ಟ್ಯಾಗ್‌ಗಳ ಕೊನೆಯಲ್ಲಿ ಓರೆಗೀಟು (/) ಬೇಕೋ ಬೇಡವೋ?

ಉತ್ತರ: ಬೇಡ. ಇದ್ದರೂ ಎರರ್ ಅಲ್ಲ. ವ್ಯಾಲಿಡೇಟರ್ ಬರೀ ಮಾಹಿತಿ ಎಂದು ತಿಳಿಸುತ್ತದೆ. ಆದರೆ ಉದ್ಧರಣ ಚಿಹ್ನೆಯಿಲ್ಲದ ಆಟ್ರಿಬ್ಯೂಟ್ ಬೆಲೆಗೆ (ವ್ಯಾಲ್ಯೂಗೆ) ಅಂಟಿಕೊಂಡು ಓರೆಗೀಟು ಬಂದರೆ ಅದು ಬೆಲೆಯ ಭಾಗವೇ ಆಗಿಬಿಡುತ್ತದೆ, ಚಿತ್ರದ ವಿಳಾಸ ಕೆಡುತ್ತದೆ.

ನಿಜವಾದ ಅಪಾಯ ಬೇರೆ ಎಲಿಮೆಂಟ್‌ಗಳಿಗೆ ಹೀಗೆ ಬರೆದಾಗ. ಒಳಭಾಗವೇ ಇಲ್ಲದ ವಾಯ್ಡ್ ಎಲಿಮೆಂಟ್‌ಗಳು 13 ಮಾತ್ರ. ಬಿಆರ್, ಎಚ್‌ಆರ್, ಇಮೇಜ್, ಇನ್‌ಪುಟ್, ಮೆಟಾ, ಲಿಂಕ್ ಅವುಗಳಲ್ಲಿ ಪದೇ ಪದೇ ಬಳಕೆಯಾಗುವವು. ಡಿವ್ ಅಥವಾ ಸ್ಕ್ರಿಪ್ಟ್‌ಗೆ ಕೊನೆಯಲ್ಲಿ ಓರೆಗೀಟು ಹಾಕಿ ಮುಚ್ಚಿದೆವೆಂದುಕೊಂಡರೆ ಪಾರ್ಸರ್ ಆ ಗೀಟನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಟ್ಯಾಗ್ ತೆರೆದೇ ಇದೆ ಎನ್ನುತ್ತದೆ. ಸ್ಕ್ರಿಪ್ಟ್ ಆಗಿದ್ದರೆ ಮುಂದಿನ ಮುಚ್ಚುವ ಸ್ಕ್ರಿಪ್ಟ್ ಸಿಗುವವರೆಗಿನ ಇಡೀ ಪುಟವನ್ನು ನುಂಗುತ್ತದೆ. ಪುಟ ಪೂರ್ತಿ ಬಿಳಿಯಾಗಿ ಕಂಡರೆ ಮೊದಲು ಇದನ್ನೇ ಹುಡುಕಿ.

ಪ್ರಶ್ನೆ: ವರ್ಡ್ ಪ್ರೊಸೆಸರ್‌ನಲ್ಲಿದ್ದ ಕೋಡನ್ನು ನಕಲಿಸಿ ಅಂಟಿಸಿದೆ. ನಾನು ಬರೆದೇ ಇಲ್ಲದ ಆಟ್ರಿಬ್ಯೂಟ್‌ಗಳ ಹೆಸರು ಹೇಳಿ ವ್ಯಾಲಿಡೇಟರ್ ಎರರ್ ಕೊಡುತ್ತಿದೆ.

ಉತ್ತರ: ನೆಟ್ಟಗಿನ ಉದ್ಧರಣ ಚಿಹ್ನೆಗಳನ್ನು ವರ್ಡ್ ಪ್ರೊಸೆಸರ್ ಬಾಗಿದ ಚಿಹ್ನೆಗಳಾಗಿ ಬದಲಿಸಿದೆ. ಎಚ್‌ಟಿಎಂಎಲ್‌ಗೆ ಬಾಗಿದ ಚಿಹ್ನೆ ಉದ್ಧರಣ ಚಿಹ್ನೆಯೇ ಅಲ್ಲ, ಅದೂ ಒಂದು ಅಕ್ಷರ. ಹಾಗಾಗಿ ಬೆಲೆ ಮೊದಲ ಖಾಲಿ ಜಾಗಕ್ಕೇ ಮುಗಿಯುತ್ತದೆ. ಕ್ಲಾಸಿಗೆ ಎರಡು ಹೆಸರು ಕೊಟ್ಟಿದ್ದರೆ ಎರಡನೆಯ ಹೆಸರು ಬಾಲದಲ್ಲಿ ಚಿಹ್ನೆ ಸಮೇತ ಹೊಸ ಆಟ್ರಿಬ್ಯೂಟ್ ಆಗಿ ನಿಲ್ಲುತ್ತದೆ. ಲಿಂಕ್ ಆಗಿದ್ದರೆ ಪೂರ್ಣ ವಿಳಾಸ ಕೊಟ್ಟಿದ್ದರೂ ಬ್ರೌಸರ್ ಅದನ್ನು ನಿಮ್ಮದೇ ತಾಣದೊಳಗಿನ ಫೈಲ್ ಎಂದು ತಿಳಿದು ಇಲ್ಲದ ಪುಟಕ್ಕೆ ಕರೆದೊಯ್ಯುತ್ತದೆ. ಕೋಡ್ ಎಡಿಟರ್‌ನ ಹುಡುಕು-ಬದಲಿಸು ಸೌಲಭ್ಯದಿಂದ ಟ್ಯಾಗ್‌ಗಳ ಒಳಗಿನ ಎಡ, ಬಲ ಎರಡೂ ಬಾಗಿದ ಚಿಹ್ನೆಗಳನ್ನು ನೆಟ್ಟಗಿನದಕ್ಕೆ ಬದಲಿಸಿ. ಬರಹದ ಒಳಗಿರುವ ಬಾಗಿದ ಚಿಹ್ನೆಗಳು ತಪ್ಪಲ್ಲ, ಅವು ಹಾಗೇ ಇರಲಿ.

ಚಿಹ್ನೆಯೊಂದನ್ನು ಮುಚ್ಚಲು ಮರೆತಾಗಿನ ಲಕ್ಷಣವೂ ಗೊತ್ತಿರಲಿ. ಎರರ್ ತೋರಿಸುವ ಸಾಲಿನಲ್ಲಿ ತಪ್ಪು ಇರುವುದಿಲ್ಲ, ಮೇಲಿನ ಯಾವುದೋ ಸಾಲಿನಲ್ಲಿರುತ್ತದೆ. ಏಕೆಂದರೆ ಮುಂದಿನ ಉದ್ಧರಣ ಚಿಹ್ನೆ ಸಿಗುವವರೆಗೆ ಎಲ್ಲವೂ ಆ ಬೆಲೆಯೇ. ಆಟ್ರಿಬ್ಯೂಟ್ ಹೆಸರಿನಲ್ಲಿ ಉದ್ಧರಣ ಚಿಹ್ನೆ ಬಂದಿದೆ, ಆಟ್ರಿಬ್ಯೂಟ್‌ಗಳ ನಡುವೆ ಜಾಗವಿಲ್ಲ ಎಂಬೆರಡು ದೂರು ಜೊತೆಯಾಗಿ ಬಂದರೆ ಅಲ್ಲಿಂದ ಮೇಲಕ್ಕೆ ಓದುತ್ತ ಹೋಗಿ.

ಪ್ರಶ್ನೆ: ವಿಳಾಸಗಳಲ್ಲಿ ಬರುವ & ಚಿಹ್ನೆಯನ್ನು ಹಾಗೆಯೇ ಬಿಡಬಹುದೆ?

ಉತ್ತರ: ಈಗಿನ ನಿಯಮ ಹಿಂದಿನಷ್ಟು ಬಿಗಿಯಲ್ಲ. ಆದರೂ ಬಿಡಬೇಡಿ. ಕಾಪಿರೈಟ್, ಸೆಕ್ಷನ್, ಪ್ಯಾರಾಗ್ರಾಫ್ ಮುಂತಾದ ಕೆಲವು ಚಿಹ್ನೆಗಳ ಸಂಕೇತನಾಮಗಳನ್ನು ಕೊನೆಯ ಸೆಮಿಕೋಲನ್ ಇಲ್ಲದಿದ್ದರೂ ಪಾರ್ಸರ್ ಗುರುತಿಸುತ್ತದೆ. ಹಾಗಾಗಿ ವಿಳಾಸವನ್ನು ಓದುಗರಿಗೆ ಕಾಣುವಂತೆ ಪುಟದಲ್ಲಿ ಅಚ್ಚು ಮಾಡಿದಾಗ ‘&ಸೆಕ್ಷನ್=2’ ಎಂಬಂಥ ಭಾಗ ‘§ಐಒಎನ್=2’ ಎಂದಾಗಿ ಕಾಣುತ್ತದೆ. ಇಂಗ್ಲಿಷಿನ ಆ ಪದದ ಮೊದಲ ನಾಲ್ಕು ಅಕ್ಷರಗಳೇ § ಚಿಹ್ನೆಯ ಸಂಕೇತನಾಮವಾಗಿರುವುದು ಇದಕ್ಕೆ ಕಾರಣ. ಲಿಂಕಿನ ಬೆಲೆಯೊಳಗೆ, ಹೆಸರು ಮುಗಿದ ಕೂಡಲೇ = ಅಥವಾ ಅಕ್ಷರ, ಅಂಕಿ ಬಂದರೆ ಪಾರ್ಸರ್ ಬದಲಿಸುವುದಿಲ್ಲ. ಬೆಲೆಯಿಲ್ಲದ ಪ್ಯಾರಾಮೀಟರ್ ಆಗಿದ್ದರೆ ಅಲ್ಲಿಯೂ ಬದಲಿಸುತ್ತದೆ.

ಎಚ್‌ಟಿಎಂಎಲ್‌ನಲ್ಲಿ ಪ್ರತಿ & ಚಿಹ್ನೆಯ ನಂತರ ಎ, ಎಂ, ಪಿ ಅಕ್ಷರಗಳನ್ನೂ ಸೆಮಿಕೋಲನ್ ಅನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಒಂದು ಎಚ್ಚರಿಕೆ ಬೇಕು: ಹಲವು ಟೆಂಪ್ಲೇಟ್ ವ್ಯವಸ್ಥೆಗಳು ಇದನ್ನು ತಾವೇ ಮಾಡುತ್ತವೆ. ನೀವೂ ಕೈಯಿಂದ ಮಾಡಿದರೆ ಎರಡು ಪದರವಾಗಿ ವಿಳಾಸ ಕೆಡುತ್ತದೆ. ಪ್ರತ್ಯೇಕ ಜಾವಾಸ್ಕ್ರಿಪ್ಟ್ ಫೈಲ್‌ನೊಳಗಿನ ವಿಳಾಸಗಳಿಗೆ ಇದು ಬೇಡವೇ ಬೇಡ. ವಿಳಾಸದಲ್ಲಿನ ಖಾಲಿ ಜಾಗವೂ ಎರರ್, ಅದನ್ನು %20 ಎಂದು ಬರೆಯಿರಿ. ಕನ್ನಡ ಅಕ್ಷರದ ಫೈಲ್ ಹೆಸರುಗಳು ಮಾತ್ರ ತಪ್ಪಲ್ಲ.

ಪ್ರಶ್ನೆ: ಟೇಬಲ್‌ನ ಮಧ್ಯದ ಸಾಲಿನಲ್ಲಿ ಬರೆದ ಸೂಚನೆ ಟೇಬಲ್‌ನ ತಲೆಯ ಮೇಲೆ ಹೋಗಿ ಕೂರುತ್ತದೆ. ಪ್ರತಿ ಸಾಲಿಗೂ ಒಂದೊಂದು ಫಾರ್ಮ್ ಇಟ್ಟಿದ್ದೇನೆ, ಅದಕ್ಕೂ ಎರರ್.

ಉತ್ತರ: ಟೇಬಲ್‌ನೊಳಗೆ ಪಠ್ಯಕ್ಕೆ ಜಾಗವಿರುವುದು ಟಿಡಿ, ಟಿಎಚ್ (ಸೆಲ್‌ಗಳು) ಮತ್ತು ಕ್ಯಾಪ್ಶನ್ ಒಳಗೆ ಮಾತ್ರ. ಟಿಆರ್‌ಗಳ (ಸಾಲುಗಳ) ನಡುವೆ ಅಥವಾ ಟಿಆರ್‌ನೊಳಗೆ ನೇರವಾಗಿ ಬರೆದ ಪಠ್ಯ, ಡಿವ್, ಪಿ ಎಲ್ಲವನ್ನೂ ಪಾರ್ಸರ್ ಎತ್ತಿ ಟೇಬಲ್‌ಗಿಂತ ಮೊದಲು ಇಡುತ್ತದೆ. ಸೂಚನೆಯನ್ನು ಒಂದು ಟಿಆರ್, ಅದರೊಳಗೆ ಒಂದು ಟಿಡಿ ಮಾಡಿ, ಕಾಲಂ ಎಷ್ಟಿವೆಯೋ ಅಷ್ಟು ಕೋಲ್‌ಸ್ಪ್ಯಾನ್ ಕೊಡಿ. ಲೆಕ್ಕ ತಪ್ಪದಿರಲಿ. 4 ಕಾಲಂ ಇರುವ ಟೇಬಲ್‌ನಲ್ಲಿ ಕೋಲ್‌ಸ್ಪ್ಯಾನ್ 5 ಎಂದರೆ, ಐದನೆಯ ಕಾಲಂನಲ್ಲಿ ಯಾವ ಸೆಲ್ಲೂ ಆರಂಭವಾಗುತ್ತಿಲ್ಲ ಎಂಬ ಇನ್ನೊಂದು ದೂರು ಬರುತ್ತದೆ.

ಫಾರ್ಮಿನ ಕಥೆ ಇನ್ನೂ ಸೂಕ್ಷ್ಮ. ಟಿಆರ್‌ನೊಳಗೆ ನೇರವಾಗಿ ಫಾರ್ಮ್ ತೆರೆದರೆ ಪಾರ್ಸರ್ ಅದನ್ನು ಇಟ್ಟು ತಕ್ಷಣವೇ ಮುಗಿಸುತ್ತದೆ. ಮರದಲ್ಲಿ ಫಾರ್ಮ್ ಖಾಲಿ. ಆದರೂ ಪುಟ ಲೋಡ್ ಆಗುವಾಗ ಓದಿದ ಇನ್‌ಪುಟ್‌ಗಳನ್ನು ಆ ಫಾರ್ಮಿಗೆ ಸೇರಿದವು ಎಂದು ಗುರುತಿಟ್ಟುಕೊಳ್ಳುವುದರಿಂದ ಮೊದಮೊದಲು ಕೆಲಸ ನಡೆಯುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಆ ಸಾಲಿಗೆ ಹೊಸ ಇನ್‌ಪುಟ್ ಸೇರಿಸಿ ನೋಡಿ, ಅದು ಯಾವ ಫಾರ್ಮಿಗೂ ಸೇರದೆ ಉಳಿಯುತ್ತದೆ, ಸಬ್ಮಿಟ್ ಮಾಡಿದಾಗ ಅದರ ಬೆಲೆ ಹೋಗುವುದೇ ಇಲ್ಲ. ಸರಿಯಾದ ದಾರಿ ಹೀಗಿದೆ: ಫಾರ್ಮ್‌ಗಳನ್ನು ಟೇಬಲ್‌ನ ಹೊರಗೆ ಖಾಲಿಯಾಗಿ ಬರೆದು ಒಂದೊಂದಕ್ಕೂ ಐಡಿ ಕೊಡಿ. ಆಯಾ ಸಾಲಿನ ಪ್ರತಿ ಇನ್‌ಪುಟ್‌ಗೂ ಬಟನ್‌ಗೂ ಫಾರ್ಮ್ ಎಂಬ ಆಟ್ರಿಬ್ಯೂಟ್ ಸೇರಿಸಿ, ಅದರ ಬೆಲೆಯಾಗಿ ಆ ಐಡಿ ಬರೆಯಿರಿ. ಫಾರ್ಮಿನೊಳಗೆ ಫಾರ್ಮ್ ಇಡುವುದು ಎಲ್ಲಿಯೂ ನಡೆಯದು, ಒಳಗಿನದನ್ನು ಪಾರ್ಸರ್ ಕೈಬಿಡುತ್ತದೆ.

ಪ್ರಶ್ನೆ: ಒಂದೇ ಐಡಿ ಎರಡು ಕಡೆ ಇದ್ದರೆ ಏನು ಮಹಾ? ಸಿಎಸ್‌ಎಸ್ ಎರಡಕ್ಕೂ ತಾಗುತ್ತದಲ್ಲ.

ಉತ್ತರ: ಸಿಎಸ್‌ಎಸ್ ತಾಗುತ್ತದೆ, ಉಳಿದ ಕಡೆ ಮೊದಲನೆಯದೇ ಗೆಲ್ಲುತ್ತದೆ. ಹತ್ತು ಸಾಲುಗಳನ್ನು ಲೂಪ್‌ನಲ್ಲಿ ಬರೆದು ಎಲ್ಲ ಚೆಕ್‌ಬಾಕ್ಸ್‌ಗಳಿಗೂ ಒಂದೇ ಐಡಿ ಕೊಟ್ಟರೆ, ಏಳನೇ ಸಾಲಿನ ಲೇಬಲ್ ಒತ್ತಿದಾಗ ಮೊದಲ ಸಾಲಿನ ಚೆಕ್‌ಬಾಕ್ಸ್ ಬದಲಾಗುತ್ತದೆ. ಕಣ್ಣಿನಿಂದ ನೋಡುವವರು ತಪ್ಪು ಗುರುತಿಸಿ ಸರಿಮಾಡಿಕೊಂಡಾರು. ಪುಟವನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರೀನ್ ರೀಡರ್ ನಂಬಿರುವವರಿಗೆ ಅದು ಸುಲಭದಲ್ಲಿ ತಿಳಿಯುವುದಿಲ್ಲ. ಲೂಪ್‌ನ ಕ್ರಮಸಂಖ್ಯೆಯನ್ನು ಐಡಿಗೆ ಸೇರಿಸಿ. ಆ ಐಡಿಯನ್ನು ತೋರುವ ಲೇಬಲ್‌ನ ಫಾರ್, ಏರಿಯಾ ಲೇಬಲ್ಡ್‌ಬೈ, ಪುಟದೊಳಗಿನ ಲಿಂಕ್ ಎಲ್ಲದರಲ್ಲೂ ಅದೇ ಬದಲಾವಣೆ ಬೇಕು. ಬಣ್ಣ, ಅಳತೆಗೆಂದೇ ಇಟ್ಟ ಐಡಿಯಾದರೆ ಅದನ್ನು ಕ್ಲಾಸ್ ಮಾಡಿ.

ಕೋಡ್ ರೂಪದಲ್ಲಿ ಬರೆಯುವ ಎಸ್‌ವಿಜಿ ಐಕಾನ್‌ಗಳನ್ನೂ ಮರೆಯಬೇಡಿ. ಒಂದೇ ಐಕಾನ್ ಪುಟದಲ್ಲಿ ಐದು ಕಡೆ ನೇರವಾಗಿ ಅಂಟಿಸಿದರೆ ಅದರೊಳಗಿನ ಗ್ರೇಡಿಯಂಟ್ ಐಡಿಯೂ ಐದು ಸಲ ಬರುತ್ತದೆ. ಮೊದಲನೆಯದು ಮುಚ್ಚಿಟ್ಟ ಮೆನುವಿನೊಳಗಿದ್ದರೆ ಉಳಿದವುಗಳ ಬಣ್ಣವೂ ಮಾಯವಾಗಬಹುದು.

ಪ್ರಶ್ನೆ: ಚಿತ್ರಕ್ಕೆ ಅಗಲ 100% ಎಂದು ಕೊಟ್ಟದ್ದು ತಪ್ಪೆ? ಅಲಂಕಾರದ ಗೆರೆಗೂ ಆಲ್ಟ್ ಬರೆಯಬೇಕೆ?

ಉತ್ತರ: ಇಮೇಜ್ ಟ್ಯಾಗಿನ ವಿಡ್ತ್, ಹೈಟ್‌ಗಳಿಗೆ ಬರೀ ಪೂರ್ಣಾಂಕ ಮಾತ್ರ. ಶೇಕಡಾ ಚಿಹ್ನೆಯೂ ಬೇಡ, ಪಿಎಕ್ಸ್ ಕೂಡ ಬೇಡ. ಚಿತ್ರದ ನಿಜ ಅಳತೆಯನ್ನು, ಉದಾಹರಣೆಗೆ 800 ಮತ್ತು 600 ಎಂದು, ಅಲ್ಲಿ ಬರೆಯಿರಿ. ಸಿಎಸ್‌ಎಸ್‌ನಲ್ಲಿ ಅಗಲ 100%, ಎತ್ತರ ಆಟೋ ಎನ್ನಿ. ಹೀಗೆ ಮಾಡಿದರೆ ಚಿತ್ರ ಬರುವ ಮೊದಲೇ ಬ್ರೌಸರ್ ಜಾಗ ಕಾಯ್ದಿರಿಸುತ್ತದೆ, ಓದುತ್ತಿದ್ದ ಸಾಲು ಕೆಳಕ್ಕೆ ಜಿಗಿಯುವುದಿಲ್ಲ.

ಅಲಂಕಾರದ ಚಿತ್ರಕ್ಕೆ ಆಲ್ಟ್ ಬೇಕು, ಒಳಗೆ ಖಾಲಿ. ಆಲ್ಟ್ ಖಾಲಿ ಬಿಡುವುದಕ್ಕೂ ಬರೆಯದೇ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ಖಾಲಿ ಇದ್ದರೆ ಸ್ಕ್ರೀನ್ ರೀಡರ್ ಚಿತ್ರವನ್ನು ದಾಟಿ ಹೋಗುತ್ತದೆ. ಇಲ್ಲವೇ ಇಲ್ಲದಿದ್ದರೆ ಫೈಲಿನ ಹೆಸರನ್ನೇ ಓದಿಬಿಡಬಹುದು. ಚಿತ್ರವೇ ಲಿಂಕ್ ಆಗಿದ್ದರೆ, ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಆಲ್ಟ್ ಹೇಳಬೇಕು.

ಪ್ರಶ್ನೆ: ಹಳೆಯ ಪುಟಗಳ ತುಂಬ ಸೆಂಟರ್, ಫಾಂಟ್ ಟ್ಯಾಗ್‌ಗಳಿವೆ, ಡಾಕ್‌ಟೈಪ್ ಇಲ್ಲ. ಡಾಕ್‌ಟೈಪ್ ಸೇರಿಸಿದ ಕೂಡಲೇ ವಿನ್ಯಾಸ ಕದಲಿತು.

ಉತ್ತರ: ಡಾಕ್‌ಟೈಪ್ (ಪುಟದ ತಲೆಯಲ್ಲಿ ಬರುವ ಎಚ್‌ಟಿಎಂಎಲ್ ಘೋಷಣೆ) ಇಲ್ಲದ ಪುಟವನ್ನು ಬ್ರೌಸರ್ ಕ್ವರ್ಕ್ಸ್ ಮೋಡ್‌ನಲ್ಲಿ, ಅಂದರೆ ಹಳೆಯ ಬ್ರೌಸರ್‌ಗಳ ರೀತಿಯಲ್ಲಿ, ತೋರಿಸುತ್ತದೆ. ಅಲ್ಲಿ ಟೇಬಲ್ ಒಳಗಿನ ಅಕ್ಷರಕ್ಕೆ ಬಾಡಿಯ ಅಕ್ಷರ ಗಾತ್ರ ಇಳಿದು ಬರುವುದಿಲ್ಲ. ಸಿಎಸ್‌ಎಸ್‌ನಲ್ಲಿ ಕ್ಲಾಸ್ ಹೆಸರಿನ ದೊಡ್ಡ ಸಣ್ಣ ಅಕ್ಷರದ ಭೇದವಿಲ್ಲ. ಅಳತೆಯ ನಂತರ ಪಿಎಕ್ಸ್ ಬರೆಯದಿದ್ದರೂ ಕೆಲವು ಕಡೆ ನಡೆಯುತ್ತದೆ. ಪಿಯೊಳಗೆ ಟೇಬಲ್ ಬಂದರೂ ಪಿ ಮುಚ್ಚುವುದಿಲ್ಲ. ಡಾಕ್‌ಟೈಪ್ ಹಾಕಿದಾಗ ಈ ಸಡಿಲಿಕೆಗಳೆಲ್ಲ ಒಟ್ಟಿಗೆ ಹೋಗುತ್ತವೆ. ಕದಲಿದ ಜಾಗಗಳನ್ನು ಈ ನಾಲ್ಕರಲ್ಲಿ ಹುಡುಕಿ, ಬಹುಪಾಲು ಸಿಗುತ್ತವೆ. ಡಾಕ್‌ಟೈಪ್ ತೆಗೆದು ಹಳೆಯ ಸ್ಥಿತಿಗೆ ಮರಳಬೇಡಿ.

ಸೆಂಟರ್ ಬದಲಿಗೆ ಟೆಕ್ಸ್ಟ್ ಅಲೈನ್ ಸೆಂಟರ್ ಸಾಕೆಂದು ಹಲವರು ಬರೆಯುತ್ತಾರೆ. ಅದು ಅಕ್ಷರಗಳನ್ನು ಮಧ್ಯಕ್ಕೆ ತರುತ್ತದೆ, ಟೇಬಲ್‌ಅನ್ನು ತರುವುದಿಲ್ಲ. ಟೇಬಲ್‌ಗೆ ಎಡ, ಬಲ ಮಾರ್ಜಿನ್ ಆಟೋ ಕೊಡಬೇಕು. ಸೆಲ್‌ಪ್ಯಾಡಿಂಗ್ ಇದ್ದಲ್ಲಿ ಟಿಡಿಗೆ ಪ್ಯಾಡಿಂಗ್, ಸೆಲ್‌ಸ್ಪೇಸಿಂಗ್ ಇದ್ದಲ್ಲಿ ಟೇಬಲ್‌ಗೆ ಬಾರ್ಡರ್ ಸ್ಪೇಸಿಂಗ್.

ಪ್ರಶ್ನೆ: ಕನ್ನಡ ಪುಟಕ್ಕೆ ಕ್ಯಾರೆಕ್ಟರ್ ಸೆಟ್, ಭಾಷೆ ಎರಡೂ ಬರೆದಿದ್ದರೂ ಎರರ್ ಬರುತ್ತಿದೆ.

ಉತ್ತರ: ಯುಟಿಎಫ್-8 ಎಂದು ಹೇಳುವ ಮೆಟಾ ಟ್ಯಾಗ್ ಫೈಲಿನ ಮೊದಲ 1024 ಬೈಟ್‌ಗಳೊಳಗೆ ಬರಬೇಕು. ಯುಟಿಎಫ್-8ನಲ್ಲಿ ಒಂದು ಕನ್ನಡ ಅಕ್ಷರಸಂಕೇತಕ್ಕೆ 3 ಬೈಟ್ ಬೇಕು. ಗುಣಿತ, ಒತ್ತು ಬಂದರೆ ಇನ್ನೂ ಹೆಚ್ಚು. ಆ ಮೆಟಾ ಟ್ಯಾಗ್‌ಗೂ ಮೊದಲು ಉದ್ದದ ಕನ್ನಡ ಕಾಮೆಂಟ್, ಟೈಟಲ್, ವಿವರಣೆ ಬರೆದಿದ್ದರೆ 1024 ಬೇಗ ಮುಗಿದುಹೋಗುತ್ತದೆ. ಹೆಡ್ ತೆರೆದ ನಂತರದ ಮೊದಲ ಸಾಲು ಇದೇ ಆಗಿರಲಿ. ಸರ್ವರ್ ಕಳಿಸುವ ಹೆಡರ್ ಬೇರೇನಾದರೂ ಹೇಳಿದರೆ ಅದರ ಮಾತೇ ನಡೆಯುತ್ತದೆ, ಅದನ್ನೂ ನೋಡಿ. ಲ್ಯಾಂಗ್ ಆಟ್ರಿಬ್ಯೂಟ್‌ಗೆ ಭಾಷೆಯ ಪೂರ್ಣ ಹೆಸರು ಸಲ್ಲದು, ಕೆ ಮತ್ತು ಎನ್ ಎಂಬೆರಡು ಅಕ್ಷರ ಸಾಕು. ಸ್ಕ್ರೀನ್ ರೀಡರ್ ಯಾವ ಧ್ವನಿಯಲ್ಲಿ ಓದಬೇಕೆಂದು ತಿಳಿಯುವುದು ಇದರಿಂದ.

ಪ್ರಶ್ನೆ: ಬ್ರೌಸರ್‌ನ ಇನ್‌ಸ್ಪೆಕ್ಟ್‌ನಲ್ಲಿ ಎಲ್ಲ ಟ್ಯಾಗ್‌ಗಳೂ ಸರಿಯಾಗಿ ಮುಚ್ಚಿವೆ. ವ್ಯಾಲಿಡೇಟರ್ ಮಾತ್ರ ಮುಚ್ಚಿಲ್ಲ ಎನ್ನುತ್ತದೆ. ಯಾರನ್ನು ನಂಬಲಿ?

ಉತ್ತರ: ವ್ಯಾಲಿಡೇಟರ್‌ಅನ್ನು. ಇನ್‌ಸ್ಪೆಕ್ಟ್ ತೋರಿಸುವುದು ರಿಪೇರಿ ಮುಗಿದ ಮರವನ್ನು. ನೀವು ಬರೆದದ್ದನ್ನು ನೋಡಲು ವ್ಯೂ ಸೋರ್ಸ್ ತೆರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮೊದಲು ಎಲ್ಲಿ ಬೇರೆಯಾಗುತ್ತವೆ ಎಂದು ನೋಡಿದರೆ ತಪ್ಪಿನ ಜಾಗ ಸಿಕ್ಕಂತೆಯೇ. ಜಾವಾಸ್ಕ್ರಿಪ್ಟ್ ಇನ್ನಷ್ಟು ಬದಲಿಸುವ ಪುಟದಲ್ಲಿ ಅದನ್ನು ಆಫ್ ಮಾಡಿ ಹೋಲಿಸಿ.

ಪೂರ್ತಿ ಜಾವಾಸ್ಕ್ರಿಪ್ಟ್‌ನಿಂದಲೇ ಕಟ್ಟಿದ ಪುಟವಾದರೆ ವ್ಯಾಲಿಡೇಟರ್‌ಗೆ ಸಿಗುವುದು ಬರೀ ಖಾಲಿ ಚೌಕಟ್ಟು. ಅಲ್ಲಿ ಸೊನ್ನೆ ಎರರ್ ಬಂದರೆ ಸಮಾಧಾನಪಡಬೇಡಿ. ಇನ್‌ಸ್ಪೆಕ್ಟ್‌ನಿಂದ ಎಚ್‌ಟಿಎಂಎಲ್ ಎಲಿಮೆಂಟಿನ ಹೊರಭಾಗ ಸಮೇತ ನಕಲಿಸಿ, ಡಾಕ್‌ಟೈಪ್ ಸಾಲನ್ನು ಮೇಲೆ ಸೇರಿಸಿ, ನೇರ ಪಠ್ಯ ಅಂಟಿಸುವ ಜಾಗದಲ್ಲಿ ಹಾಕಿ ಪರೀಕ್ಷಿಸಿ. ಮುಚ್ಚದ ಟ್ಯಾಗ್‌ನಂಥವು ಆಗಲೇ ರಿಪೇರಿಯಾಗಿ ಅಡಗಿರುತ್ತವೆ. ಐಡಿ, ಆಲ್ಟ್, ಲೇಬಲ್, ಯಾವುದರೊಳಗೆ ಯಾವುದು ಎಂಬ ತಪ್ಪುಗಳು ಸಿಕ್ಕುತ್ತವೆ.

ಪ್ರಶ್ನೆ: ಎರರ್ ಇರುವ ಪುಟ ಅಕ್ಸೆಸಿಬಿಲಿಟಿ ಪರೀಕ್ಷೆಯಲ್ಲೂ ಅನುತ್ತೀರ್ಣವೇ? ತಿದ್ದಿದ ಮೇಲೆ ಮತ್ತೆ ತಪ್ಪು ನುಸುಳದಂತೆ ಏನು ಮಾಡಬೇಕು?

ಉತ್ತರ: ತಾನಾಗಿಯೇ ಅಲ್ಲ. ಮಾರ್ಕಪ್ ಶುದ್ಧಿಯನ್ನು ಕೇಳುತ್ತಿದ್ದ 4.1.1 ಎಂಬ ಮಾನದಂಡವನ್ನು 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ ಅಕ್ಸೆಸಿಬಿಲಿಟಿ (ಅಂಗವಿಕಲರಿಗೂ ಪುಟ ಬಳಸಲು ಬರುವಂತಿರುವುದು) ಮಾರ್ಗಸೂಚಿಯಲ್ಲಿ ಕೈಬಿಡಲಾಯಿತು. ಆದರೆ ಆಲ್ಟ್ ಇಲ್ಲದಿರುವುದು, ಲೇಬಲ್ ತಪ್ಪಿರುವುದು, ಭಾಷೆ ಹೇಳದಿರುವುದು ಬೇರೆ ಮಾನದಂಡಗಳ ಕೆಳಗೆ ಈಗಲೂ ತಪ್ಪೇ. ಆಲ್ಟ್‌ನಲ್ಲಿ ‘ಚಿತ್ರ’ ಎಂದಷ್ಟೇ ಬರೆದರೂ ವ್ಯಾಲಿಡೇಟರ್ ಸುಮ್ಮನಿರುತ್ತದೆ ಎಂಬುದೂ ನೆನಪಿರಲಿ. ಅದನ್ನು ಮನುಷ್ಯರೇ ಓದಿ ನೋಡಬೇಕು.

ಮರುಕಳಿಸದಂತೆ ತಡೆಯಲು ಚೆಕರ್‌ಅನ್ನು ನಿಮ್ಮ ಕಂಪ್ಯೂಟರಿಗೇ ಇಳಿಸಿಕೊಳ್ಳಿ. ಜಾವಾ ಇದ್ದರೆ ಅದರ ಜಾರ್ ಫೈಲನ್ನು ಕಮ್ಯಾಂಡ್ ಸಾಲಿನಿಂದ ಓಡಿಸಿ ಇಡೀ ಫೋಲ್ಡರ್ ಪರೀಕ್ಷಿಸಬಹುದು, ಎರರ್‌ಗಳನ್ನು ಮಾತ್ರ ತೋರಿಸು ಎಂಬ ಆಯ್ಕೆಯೂ ಇದೆ. ಸಾವಿರ ಪುಟಗಳಿದ್ದರೆ ಸಾವಿರವನ್ನೂ ಓದಬೇಕಿಲ್ಲ. ಮುಖಪುಟ, ಪಟ್ಟಿಪುಟ, ಬರಹದ ಪುಟ, ಫಾರ್ಮ್ ಇರುವ ಪುಟ ಎಂದು ಪ್ರತಿ ಟೆಂಪ್ಲೇಟ್‌ಗೆ ಒಂದು ಮಾದರಿ ಆರಿಸಿ. ಆ ಮಾದರಿ ಆದಷ್ಟು ತುಂಬಿದ ಪುಟವಾಗಿರಲಿ: ಚಿತ್ರ, ಟೇಬಲ್, ಉದ್ದದ ಕಾಮೆಂಟ್ ಪಟ್ಟಿ ಎಲ್ಲ ಇರುವಂಥದು. ಖಾಲಿ ಪಟ್ಟಿಯ ಪುಟವನ್ನೂ ಒಂದು ಸೇರಿಸಿಕೊಳ್ಳಿ, ಏಕೆಂದರೆ ಲೂಪ್‌ನೊಳಗೆ ತೆರೆದು ಹೊರಗೆ ಮುಚ್ಚಿದ ಟ್ಯಾಗ್ ಅಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತದೆ.